ಒಂದು ಕಟ್ಟು ಕಡ್ಡಿ

ಬೆಂಗಳೂರಿಗೆ ಹೋಗಿಬಂದವರು ಊರಿಗೆ ಏನನ್ನು ತರುತ್ತಾರೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ. ಚಿಕ್ಕಪೇಟೆಯ ಸೀರೆ, ಮಕ್ಕಳಿಗೆ ಆಟದ ಸಾಮಾನು, ನೆರೆಮನೆಗೆ ಒಂದು ಪೊಟ್ಟಣ ಸಿಹಿತಿಂಡಿ. ನಾನು ಮಾತ್ರ ನಲವತ್ತು ವರ್ಷಗಳಿಂದಲೂ ಅಲ್ಲಿಂದ ಒಂದು ಕಟ್ಟು ಕಡ್ಡಿಯನ್ನು ತರುತ್ತಿದ್ದೇನೆ. ಒದ್ದೆ ಕಾಗದದಲ್ಲಿ ಸುತ್ತಿ, ಬಾಳೆಪಟ್ಟೆಯಲ್ಲಿ ಬಿಗಿದು, ಕೈಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ತಂದ ಆ ಕಟ್ಟನ್ನು ಜಗುಲಿಯ ಮೇಲಿಟ್ಟಾಗ ನನ್ನ ಹೆಂಡತಿ ಪ್ರತಿಸಲವೂ ಒಂದೇ ಮಾತನ್ನು ಕೇಳುತ್ತಾಳೆ: “ಮಲೆನಾಡಿನಲ್ಲಿ ಕಟ್ಟಿಗೆಗೆ ಬರ ಬಂತೆಂದು ಬೆಂಗಳೂರಿನಿಂದ ಹೊತ್ತು ತಂದಿರೋ?” ಒಮ್ಮೆ ಬಸ್ಸಿನ ಕಂಡಕ್ಟರರು ಆ ಕಟ್ಟನ್ನು ಮೂಸಿನೋಡಿ, ನನ್ನನ್ನು ನಾಟಿವೈದ್ಯನೆಂದೇ ತಿಳಿದು, ತಮ್ಮ ಮಂಡಿನೋವಿಗೆ ಮದ್ದು ಕೇಳಿದ್ದರು. ಅವು ಅಂಜೂರದ ಕಡ್ಡಿಗಳು, ನೆಟ್ಟರೆ ಹಣ್ಣು ಕೊಡುತ್ತವೆಯೇ ಹೊರತು ಮಂಡಿಗೆ ಏನನ್ನೂ ಮಾಡಲಾರವು ಎಂದು ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಗುಟ್ಟನ್ನು ಬಿಟ್ಟುಕೊಡದ ವೈದ್ಯನೆಂದು ನನ್ನನ್ನು ನೋಡಿ ಮುಂದಕ್ಕೆ ಹೋದರು.

ಈ ಹೊತ್ತು ನಾನು ನಿಮ್ಮೊಡನೆ ಹೇಳಬೇಕೆಂದಿರುವುದು ಈ ಕಡ್ಡಿಗಳ ಹುಚ್ಚನ್ನು ಕುರಿತು. ಹುಚ್ಚಿಗೂ ಒಂದು ಕಾರಣವಿರುತ್ತದೆ. ಆ ಕಾರಣ ನನಗೇ ಸರಿಯಾಗಿ ಅರ್ಥವಾದದ್ದು ಕೆಲವು ವರ್ಷಗಳ ಹಿಂದೆ, ಬೆಂಗಳೂರಿನ ಒಂದು ಮನೆಯ ಹಿತ್ತಲಿನಲ್ಲಿ.

ಮೊದಲು, ಬೀಜವಿರುವಾಗ ಕಡ್ಡಿ ಏಕೆಂಬ ಪ್ರಶ್ನೆಗೆ ಉತ್ತರ ಹೇಳಬೇಕು. ರುಚಿಯಾದ ಮಾವಿನಹಣ್ಣನ್ನು ತಿಂದು, ಅದರ ಗೊರಟನ್ನು ಹಿತ್ತಲಿನಲ್ಲಿ ಹೂಳದವರು ನಮ್ಮಲ್ಲಿ ವಿರಳ. ಎಂಟು ಹತ್ತು ವರ್ಷ ಕಾದು, ಅದು ಫಲ ಬಿಟ್ಟಾಗ ಬಾಯಿಗಿಟ್ಟು ಮುಖ ಹುಳಿ ಮಾಡಿಕೊಳ್ಳದವರೂ ವಿರಳವೇ. ನಮ್ಮ ದೇಶದ ಹೆಚ್ಚಿನ ಮಾವುಗಳ ಗೊರಟಿನಲ್ಲಿರುವುದು ಒಂದೇ ಭ್ರೂಣ. ಅದು ತಾಯಿಯ ಗುಣವನ್ನೂ, ಯಾವ ಮರದಿಂದಲೋ ಬಂದ ಪರಾಗದ ಗುಣವನ್ನೂ ಸೇರಿಸಿಕೊಂಡು ಹುಟ್ಟಿದ ಹೊಸ ಜೀವ. ಪಶ್ಚಿಮ ಕರಾವಳಿಯ ಕೆಲವು ಮಾವುಗಳಲ್ಲಿ ಒಂದೇ ಗೊರಟಿನಿಂದ ಹಲವು ಸಸಿಗಳೆದ್ದು, ಅವುಗಳಲ್ಲಿ ಬಹುಪಾಲು ತಾಯಿಯನ್ನೇ ಹೋಲುವುದುಂಟು. ಆದರೆ ಅದು ಅಪವಾದ. ಬೀಜವೆಂದರೆ ಮಗು. ಮಗು ತಾಯಿಯಂತೆಯೇ ಇರಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ.

ಕಡ್ಡಿಯ ಮಾತು ಬೇರೆ. ಕಡ್ಡಿ ಮರದ ಮಗುವಲ್ಲ; ಅದು ಆ ಮರವೇ. ನೂರು ವರ್ಷದ ಮರದಿಂದ ಗೇಣುದ್ದದ ಕಡ್ಡಿಯನ್ನು ಕತ್ತರಿಸಿ ಇನ್ನೊಂದು ಕಡೆ ಬದುಕಿಸಿದರೆ, ಅಲ್ಲಿ ಬೆಳೆಯುವುದು ಅದೇ ಮರ, ಅದೇ ಹಣ್ಣು, ಅದೇ ಹುಳಿ, ಅದೇ ಕಂಪು. ಮೊದಲ ಮರ ಬಿದ್ದುಹೋದರೂ ಅದು ಸತ್ತಿತೆಂದು ಹೇಳುವಂತಿಲ್ಲ. ಮನುಷ್ಯನಿಗೆ ಇಲ್ಲದ ಈ ಭಾಗ್ಯವನ್ನು ಸೃಷ್ಟಿಯು ಮರಕ್ಕೆ ಕೊಟ್ಟಿದೆ. ಆದರೆ ಒಂದು ನಿಬಂಧನೆಯುಂಟು: ಯಾರಾದರೂ ಕೇಳಬೇಕು, ಯಾರಾದರೂ ಕೊಡಬೇಕು.

ಎಲ್ಲ ಮರಗಳೂ ಒಂದೇ ಬಗೆಯಾಗಿ ಒಲಿಯುವುದಿಲ್ಲ. ಅಂಜೂರ, ದಾಳಿಂಬೆ, ದ್ರಾಕ್ಷಿ, ಹಿಪ್ಪುನೇರಳೆ, ಇವು ಸಾಧು ಸ್ವಭಾವದವು. ಬಲಿತ ಕೊಂಬೆಯಿಂದ ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ, ನಾಲ್ಕೈದು ಕಣ್ಣುಗಳಿರುವ ಕಡ್ಡಿಯನ್ನು ತೆಗೆದು, ಎರಡು ಕಣ್ಣು ಮಣ್ಣಿನೊಳಗೆ ಹೋಗುವಂತೆ ನೆರಳಿನಲ್ಲಿ ನೆಟ್ಟು, ಮಣ್ಣು ಆರದಂತೆ ನೋಡಿಕೊಂಡರೆ ತಾವೇ ಬೇರು ಬಿಡುತ್ತವೆ. ಬುಡದ ಕಡೆಯನ್ನು ಓರೆಯಾಗಿಯೂ ತುದಿಯ ಕಡೆಯನ್ನು ನೇರವಾಗಿಯೂ ಕತ್ತರಿಸಿಕೊಳ್ಳಬೇಕು. ಇಲ್ಲವಾದರೆ ಮನೆಗೆ ಬರುವ ಹೊತ್ತಿಗೆ ತಲೆ ಯಾವುದು ಕಾಲು ಯಾವುದು ಎಂದು ತಿಳಿಯದೆ, ತಲೆಕೆಳಗಾಗಿ ನೆಟ್ಟು, ಬೆಂಗಳೂರಿನ ನೀರನ್ನು ಬೈಯುವಂತಾಗುತ್ತದೆ. ನಾನು ಹಾಗೆ ಬೈದಿದ್ದೇನೆ. ಸೀಬೆ, ಚಕ್ಕೋತ ಮೊದಲಾದವಕ್ಕೆ ಕೊಂಬೆ ಮರದ ಮೇಲಿರುವಾಗಲೇ ತೊಗಟೆ ಬಿಡಿಸಿ, ಒದ್ದೆ ಪಾಚಿ ಕಟ್ಟಿ, ಬೇರು ಬರಿಸಿ ಇಳಿಸುವುದು ಮೇಲು. ಅದಕ್ಕೆ ಗೂಟಿ ಎನ್ನುತ್ತಾರೆ. ಇನ್ನು ಮಾವು ಮಹಾ ಹಟಮಾರಿ. ಬರಿಯ ಕಡ್ಡಿಯನ್ನು ನೆಟ್ಟರೆ ಅದು ಬೇರು ಬಿಡುವುದು ತೀರ ಅಪರೂಪ. ಅದನ್ನು ಇನ್ನೊಂದು ಮಾವಿನ ಸಸಿಯ ಮೇಲೆ ಕಸಿ ಕಟ್ಟಬೇಕು. ಎಂದರೆ ಬೇರೆಯವರ ಕಾಲಿನ ಮೇಲೆ ನಿಲ್ಲಿಸಬೇಕು.

ಹಣ್ಣಿನ ಮರಗಳಿಗಾಗಿ ಹಳ್ಳಿಯವನು ನಗರಕ್ಕೆ ಹೋಗುವುದು ವಿಚಿತ್ರವೆಂದು ನಿಮಗೆ ತೋರಬಹುದು. ಆದರೆ ಬೆಂಗಳೂರಿನ ಹಳೆಯ ಬಡಾವಣೆಗಳ ಚರಿತ್ರೆಯನ್ನು ನೆನೆದರೆ ಅದು ವಿಚಿತ್ರವಲ್ಲ. 1898ರಲ್ಲಿ ಊರಿಗೆ ಪ್ಲೇಗು ಬಂದ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗೊಂದು ಹಿತ್ತಲು, ಹಿತ್ತಿಲಿಗೊಂದು ಬಾವಿ ಇರುತ್ತಿದ್ದವು. ಅಲ್ಲಿಗೆ ನೌಕರಿಗೆಂದು ಬಂದವರು ನಾಡಿನ ಎಲ್ಲ ಕಡೆಯವರು. ಬರುವಾಗ ಹಾಸಿಗೆ ಪಾತ್ರೆಗಳ ಜೊತೆಗೆ ತಮ್ಮ ಊರಿನ ಒಂದು ಗಿಡವನ್ನೂ ಕೆಲವರು ತಂದರು. ಕರಾವಳಿಯವರ ಹಿತ್ತಿಲಿನಲ್ಲಿ ಜೀಗುಜ್ಜೆ, ಕೊಡಗಿನವರಲ್ಲಿ ಕಿತ್ತಳೆ, ಬಯಲುಸೀಮೆಯವರಲ್ಲಿ ದಾಳಿಂಬೆ, ಶ್ರೀರಂಗಪಟ್ಟಣದ ಕಡೆಯವರಲ್ಲಿ ಗಂಜಾಮಿನ ಅಂಜೂರ, ಇವನ್ನೆಲ್ಲ ನಾನು ಕಂಡಿದ್ದೇನೆ. ಊರಿನಲ್ಲಿ ಅಳಿದುಹೋದದ್ದು ಇಲ್ಲಿ ಒಂದು ಗೋಡೆಯ ಹಿಂದೆ ಉಳಿದಿರುವುದುಂಟು. ಹಾಗೆ ನೋಡಿದರೆ ಆ ನಗರದ ಹಿತ್ತಿಲುಗಳೆಲ್ಲ ಸೇರಿ, ಯಾರೂ ಯೋಜಿಸದೆ ಬೆಳೆದ ಒಂದು ದೊಡ್ಡ ತೋಟ.

ಯೋಜಿಸಿ ಬೆಳೆಸಿದ ತೋಟವೂ ಅಲ್ಲುಂಟು. 1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ದೂರದೇಶಗಳಿಂದ ಸಸಿಗಳನ್ನು ತರಿಸಿ ಬೆಳೆಸಿದ ಲಾಲ್‌ಬಾಗಿಗೆ ಹೋಗದೆ ನಾನು ಊರಿಗೆ ಮರಳಿದ್ದಿಲ್ಲ. ಟಿಪ್ಪುವಿನ ಕಾಲದವೆಂದು ಹೇಳುವ ಮಾವಿನ ಮರಗಳ ಕೆಳಗೆ ನಿಂತಾಗ ಕಿಸೆಯಲ್ಲಿದ್ದ ಚಾಕು ತಾನಾಗಿಯೇ ಭಾರವಾಗುತ್ತದೆ. ಆದರೆ ಅಲ್ಲಿ ಕೈಯಿಡಬಾರದು. ನೋಡಲು ಬಂದ ಸಾವಿರಾರು ಜನರಲ್ಲಿ ಪ್ರತಿಯೊಬ್ಬನೂ ಒಂದು ಕಡ್ಡಿ ಮುರಿದರೆ ಉಳಿಯುವುದು ಕಂಬಗಳು ಮಾತ್ರ. ಅಲ್ಲಿಯೇ ನರ್ಸರಿಯವರ ಸಹಕಾರ ಸಂಘದ ಮಳಿಗೆಯಲ್ಲಿ ದುಡ್ಡು ಕೊಟ್ಟು ಕಸಿಗಿಡ ಕೊಳ್ಳಬಹುದು, ನಾನು ಕೊಂಡಿದ್ದೇನೆ. ಆದರೂ ಒಪ್ಪಿಕೊಳ್ಳುತ್ತೇನೆ, ಕೊಂಡ ಗಿಡಕ್ಕೂ ಕೇಳಿ ಪಡೆದ ಕಡ್ಡಿಗೂ ವ್ಯತ್ಯಾಸವಿದೆ.

ಕೇಳುವುದು ಸುಲಭವಲ್ಲ. ಮೊದಲ ಸಲ ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಗೋಡೆಯಾಚೆಗೆ ಬಾಗಿದ ಅಂಜೂರದ ಮರವನ್ನು ನೋಡುತ್ತ ನಿಂತಿದ್ದೆ. ಹತ್ತು ನಿಮಿಷ ಕಳೆದ ಮೇಲೆ ಮನೆಯ ಅಜ್ಜಿ ಹೊರಗೆ ಬಂದು, “ಯಾರು ಬೇಕಾಗಿತ್ತು?” ಎಂದರು. ಆ ಧ್ವನಿಯಲ್ಲಿ ಪ್ರಶ್ನೆಗಿಂತ ಎಚ್ಚರಿಕೆಯೇ ಹೆಚ್ಚಾಗಿತ್ತು. “ಯಾರೂ ಬೇಡ ಅಮ್ಮಾ, ಅಂಜೂರದ ಎರಡು ಕಡ್ಡಿ ಬೇಕಿತ್ತು” ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಹಣ್ಣು ಕೇಳೋರನ್ನ ನೋಡಿದೀನಿ, ಕೇಳದೇ ಕೀಳೋರನ್ನೂ ನೋಡಿದೀನಿ. ಕಡ್ಡಿ ಕೇಳೋರು ನೀವೇ ಮೊದಲು. ಒಳಗೆ ಬನ್ನಿ” ಎಂದರು. ಆಮೇಲೆ ಕಾಫಿ ಬಂತು. ಕಾಫಿಯ ಜೊತೆಗೆ ಮರದ ಕಥೆಯೂ ಬಂತು. ಅದನ್ನು ಯಾರು ತಂದರು, ಯಾವ ತಿಂಗಳಲ್ಲಿ ಫಲ ಹೆಚ್ಚು, ಅಳಿಲಿಗಿಂತ ಮೊದಲು ಹಣ್ಣನ್ನು ಕೀಳಲು ಯಾವ ಹೊತ್ತಿಗೆ ಏಳಬೇಕು, ಕತ್ತರಿಸಿದಾಗ ಸುರಿಯುವ ಹಾಲು ಆರುವ ತನಕ ಕಡ್ಡಿಯನ್ನು ಏಕೆ ನೆಡಬಾರದು, ಎಲ್ಲವನ್ನೂ ಹೇಳಿದರು. ಎರಡು ಕೇಳಿದವನಿಗೆ ಆರು ಕಡ್ಡಿ ಕೊಟ್ಟರು. ಅವುಗಳಲ್ಲಿ ಒಂದು ಇಂದಿಗೂ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿದೆ. ಅಜ್ಜಿ ತೀರಿಕೊಂಡರು, ಆ ಮನೆಯೂ ಈಗ ಇಲ್ಲ. ಆದರೆ ಅಳಿಲಿಗಿಂತ ಮೊದಲು ನಾನು ಏಳುತ್ತಿರುವುದು ಅವರ ಮಾತಿನಿಂದ.

ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ಮಾತು ನಮ್ಮ ಜನರಲ್ಲಿದೆ. ಅದರಲ್ಲಿ ಸ್ವಲ್ಪ ಸತ್ಯವಿರಬಹುದು; ಕದ್ದವನು ಅಳುಕಿನಿಂದ ಎರಡು ಸಲ ಹೆಚ್ಚು ನೀರು ಹಾಕುತ್ತಾನೆ. ಆದರೆ ಕದ್ದ ಕಡ್ಡಿಗೆ ಹೆಸರಿರುವುದಿಲ್ಲ, ಊರಿರುವುದಿಲ್ಲ, ಕಥೆಯಿರುವುದಿಲ್ಲ. ಹಣ್ಣು ಹುಳಿಯೋ ಸಿಹಿಯೋ ತಿಳಿಯಲು ಮೂರು ವರ್ಷ ಕಾಯಬೇಕು. ಅದಕ್ಕಿಂತ ಮಿಗಿಲಾಗಿ, ನಮ್ಮಲ್ಲಿ ಸತ್ತುಹೋದರೆ ಮತ್ತೆ ಕೇಳಲು ಬಾಗಿಲಿರುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಡ್ಡಿಯ ಜೊತೆಗೆ ರೋಗವೂ ಕೀಟವೂ ಪ್ರಯಾಣ ಮಾಡುತ್ತವೆ. ಎಲೆಗಳೆಲ್ಲ ತುದಿಯಲ್ಲಿ ಗೊಂಚಲಾಗಿ ಬಾಳೆ ಗೊನೆ ಹಾಕದಂತಾಗುವ ರೋಗವು ನಮ್ಮ ದೇಶಕ್ಕೆ ಬಂದದ್ದು 1940ರ ಸುಮಾರಿಗೆ, ಸಿಂಹಳದ ಕಡೆಯಿಂದ ಕೇರಳಕ್ಕೆ; ಅಲ್ಲಿಂದ ಮುಂದೆ ಅದು ಹರಡಿದ್ದರಲ್ಲಿ ಕೈಯಿಂದ ಕೈಗೆ ಹೋದ ಬಾಳೆಕಂದುಗಳ ಪಾಲೂ ಇದೆ. ಆದುದರಿಂದ ಕಾಯಿಲೆಯ ಮರದಿಂದ, ಬಿಳಿಯ ಹಿಟ್ಟಿನಂಥ ತಿಗಣೆ ಹತ್ತಿದ ಕೊಂಬೆಯಿಂದ ಕಡ್ಡಿ ತರಬಾರದು. ಅಮೆರಿಕದಲ್ಲಿರುವ ಬಂಧುವೊಬ್ಬ ಅಲ್ಲಿಯ ಅಂಜೂರದ ಕಡ್ಡಿಯನ್ನು ಪೆಟ್ಟಿಗೆಯಲ್ಲಿಟ್ಟು ತರುತ್ತೇನೆಂದಾಗ ನಾನೇ ಬೇಡವೆಂದೆ. ಪರದೇಶದ ಸಸ್ಯಕ್ಕೆ ಪರವಾನಗಿ ಬೇಕು, ತಪಾಸಣೆ ಬೇಕು. ಆ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ.

ಇಷ್ಟೂ ನನ್ನ ಹುಚ್ಚಿನ ಮೇಲುಭಾಗ. ಇನ್ನು ಅದರ ಬೇರಿನ ಮಾತನ್ನು ಹೇಳುತ್ತೇನೆ.

ನಾನು ಹುಟ್ಟಿದ ಮನೆ ಸಾಗರ ತಾಲೂಕಿನಲ್ಲಿ, ಶರಾವತಿಗೆ ಸೇರುವ ಒಂದು ಹಳ್ಳದ ಪಕ್ಕದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಮನೆ, ತೋಟ, ಗದ್ದೆ, ಎಲ್ಲವೂ ತಳ ಸೇರಿದವು. ಆಗ ನನಗೆ ಹತ್ತು ವರ್ಷ. ಹಳ್ಳದ ದಂಡೆಯ ಮೇಲೆ ನಮ್ಮದೊಂದು ಅಪ್ಪೆಮಾವಿನ ಮರವಿತ್ತು. ಅಪ್ಪೆಯೆಂದರೆ ಮಲೆನಾಡಿನ ಹೊಳೆಸಾಲುಗಳಲ್ಲಿ ಬೆಳೆಯುವ ಕಾಡುಮಾವು. ಅದನ್ನು ಹಣ್ಣಿಗಾಗಿ ಯಾರೂ ಬೆಳೆಸುವುದಿಲ್ಲ. ಗೊರಟು ಬಲಿಯುವ ಮೊದಲೇ ಮಿಡಿಯನ್ನು ತೊಟ್ಟಿನೊಡನೆ ಕೊಯ್ದು, ಉಪ್ಪಿನಲ್ಲಿಟ್ಟು, ಉಪ್ಪಿನಕಾಯಿ ಹಾಕುತ್ತಾರೆ. ಒಂದೊಂದು ಮರದ ಸೊನೆಗೆ ಒಂದೊಂದು ಪರಿಮಳ. ನಮ್ಮದು ಜೀರಿಗೆಯ ಪರಿಮಳದ್ದು. ಎಲೆಯನ್ನು ಉಜ್ಜಿ ಮೂಸಿದರೂ ಜೀರಿಗೆ. ಮಿಡಿ ಕೊಯ್ಯುವ ದಿನ ಅಪ್ಪಯ್ಯನ ಅಂಗೈ ರಾತ್ರಿಯವರೆಗೂ ಅದೇ ವಾಸನೆ ಸೂಸುತ್ತಿತ್ತು.

ಊರು ಬಿಡುವ ಹಿಂದಿನ ಮಳೆಗಾಲದಲ್ಲಿ ನಮ್ಮ ಶಾಲೆಯ ಮಾಸ್ತರರು ಆ ಮರಕ್ಕೆ ಒಂದು ಅಟ್ಟಣಿಗೆ ಕಟ್ಟಿದರು. ಅದರ ಮೇಲೆ ಮಣ್ಣಿನ ಕುಂಡದಲ್ಲಿ ಒಂದು ಕಾಡುಮಾವಿನ ಸಸಿಯನ್ನಿಟ್ಟು, ಸಸಿಯ ಕಾಂಡವನ್ನೂ ಮರದ ಒಂದು ಎಳೆಯ ಕೊಂಬೆಯನ್ನೂ ಒಂದಿಷ್ಟು ಹೆರೆದು, ಎರಡನ್ನೂ ಸೇರಿಸಿ ಬಾಳೆನಾರಿನಲ್ಲಿ ಸುತ್ತಿದರು. ಕೂಡುಕಸಿಯೆಂದರೆ ಅದೇ. ಮೂರು ತಿಂಗಳಲ್ಲಿ ಎರಡೂ ಬೆಸೆಯುತ್ತವೆ. ಆಮೇಲೆ ತಾಯಿಮರದಿಂದ ಕೊಂಬೆಯನ್ನು ಬಿಡಿಸಬಹುದು. ಅಪ್ಪಯ್ಯ ಕೆಳಗೆ ನಿಂತು ನೋಡುತ್ತಿದ್ದರು. “ಮನೆಯೇ ಮುಳುಗುತ್ತಿದೆ ಮಾಸ್ತರೆ, ನೀವು ಕೊಂಬೆಗೆ ಪಟ್ಟಿ ಕಟ್ಟುತ್ತಿದ್ದೀರಿ” ಎಂದರು. “ನಿಮಗೂ ಒಂದು ಕಟ್ಟಿಕೊಡುತ್ತೇನೆ” ಎಂದು ಮಾಸ್ತರರು ಹೇಳಿದರು. ಅದಕ್ಕೆ ಅಪ್ಪಯ್ಯ, “ಬೇಡ. ಅಲ್ಲಿಗೆ ಒಯ್ದು ಯಾವ ಹಳ್ಳದ ದಂಡೆಯಲ್ಲಿ ನೆಡಲಿ?” ಎಂದರು. ಅದನ್ನು ನಾನು ಕಿವಿಯಾರೆ ಕೇಳಿದೆ.

ನಮಗೆ ಸಿಕ್ಕ ಹೊಸ ಜಾಗದಲ್ಲಿ ಹಳ್ಳವಿರಲಿಲ್ಲ. ಅಪ್ಪಯ್ಯ ಅಲ್ಲಿ ತೆಂಗು ನೆಟ್ಟರು, ಬಾಳೆ ನೆಟ್ಟರು. ಮಾವನ್ನು ಮಾತ್ರ ನೆಡಲಿಲ್ಲ. ಊಟದ ಎಲೆಯಲ್ಲಿ ಬೇರೆ ಮರದ ಮಿಡಿ ಬಂದಾಗ ಅದನ್ನು ಬದಿಗೆ ಸರಿಸುತ್ತಿದ್ದರು, ಏನನ್ನೂ ಹೇಳುತ್ತಿರಲಿಲ್ಲ. ಆ ಅಣೆಕಟ್ಟಿನ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ದೀಪಗಳನ್ನೂ ಕಾರ್ಖಾನೆಗಳನ್ನೂ ನಡೆಸಿತು. ಅದನ್ನು ನಾನು ದೂರಾಗಿ ಹೇಳುತ್ತಿಲ್ಲ. ನೀವು ಈ ಮಾತನ್ನು ಕೇಳುತ್ತಿರುವುದೂ ವಿದ್ಯುತ್ತಿನಿಂದಲೇ. ಮಾಸ್ತರರು ತಮ್ಮ ಕುಂಡವನ್ನು ಸೀಮೆಎಣ್ಣೆಯ ಹಳೆಯ ಡಬ್ಬಕ್ಕೆ ಇಳಿಸಿಕೊಂಡು, ಮಗನಿಗೆ ನೌಕರಿ ಸಿಕ್ಕ ಬೆಂಗಳೂರಿಗೆ ಹೊರಟುಹೋದರು. ಆಮೇಲೆ ಅವರ ಸುದ್ದಿ ತಪ್ಪಿತು. ಅಪ್ಪಯ್ಯ ತೀರಿಕೊಂಡರು. ಬೆಂಗಳೂರಿಗೆ ಹೋದಾಗಲೆಲ್ಲ ಗೋಡೆಗಳ ಮೇಲಿನಿಂದ ಹಿತ್ತಿಲುಗಳನ್ನು ನೋಡುವ ಚಾಳಿ ನನಗೆ ಹತ್ತಿಕೊಂಡಿತು. ಅಂಜೂರ ಸಿಕ್ಕರೆ ಅಂಜೂರ, ದಾಳಿಂಬೆ ಸಿಕ್ಕರೆ ದಾಳಿಂಬೆ. ಆದರೆ ನಾನು ಹುಡುಕುತ್ತಿದ್ದದ್ದು ಯಾವುದನ್ನೆಂದು ನನಗೇ ಹೇಳಿಕೊಂಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ಹೆಂಡತಿಯ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನಲ್ಲಿ ಹತ್ತು ದಿನ ನಿಲ್ಲಬೇಕಾಯಿತು. ಬಂಧುಗಳ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಯಾರೋ ಮನೆಯ ಉಪ್ಪಿನಕಾಯಿಯ ಭರಣಿ ತಂದು ಬಡಿಸಿದರು. ಮಿಡಿಯನ್ನು ಕಚ್ಚಿದವನು ಕೈಯನ್ನು ಹಾಗೆಯೇ ಹಿಡಿದು ಕುಳಿತೆ. ಬಡಿಸಿದವರನ್ನು ವಿಚಾರಿಸಿದಾಗ, ಅವರಿಗೆ ಭರಣಿ ಕೊಟ್ಟವರು ಮಾಸ್ತರರ ಸೊಸೆಯೆಂದು ತಿಳಿಯಿತು.

ಮರುದಿನವೇ ಹೋದೆ. ಮಾಸ್ತರರು ಹೋಗಿ ಮೂವತ್ತು ವರ್ಷವಾಗಿತ್ತು, ಮಗನೂ ಹೋಗಿದ್ದರು. ಅತ್ತಿಗೆ ಮಗಳ ಮನೆಯಲ್ಲಿದ್ದರು. ಹಳೆಯ ಮನೆಯನ್ನು ಕಟ್ಟಡ ಕಟ್ಟುವವರಿಗೆ ಕೊಟ್ಟಾಗಿತ್ತು. “ಮನೆ ಕೆಡವಲು ಆರಂಭಿಸಿದ್ದಾರೆ, ತಿಂಗಳೊಳಗೆ ಮರವನ್ನೂ ತೆಗೆಯುತ್ತಾರೆ. ಭರಣಿ ತುಂಬಿದ್ದು ಇದೇ ಕೊನೆಯ ಸಲ” ಎಂದರು ಅತ್ತಿಗೆ. ಆಮೇಲೆ, “ನಮ್ಮ ಮಾವನವರು ಹೇಳುತ್ತಿದ್ದರು, ಇದು ನಮ್ಮ ಮರವಲ್ಲ, ನಿಮ್ಮ ಅಪ್ಪಯ್ಯನದು, ಕೇಳಿಕೊಂಡು ಬಂದರೆ ಕೊಡಬೇಕೆಂದು. ನೀವು ಬರಲೇ ಇಲ್ಲ” ಎಂದರು. ನಾನು ಏನು ಹೇಳಲಿ? ಗೋಡೆಗಳ ಮೇಲಿನಿಂದ ಇಣುಕುತ್ತ ನಲವತ್ತು ವರ್ಷ ತಿರುಗಿದವನು ಒಂದು ಕಾಗದ ಬರೆದು ವಿಚಾರಿಸಿರಲಿಲ್ಲ.

ಮರ ದೊಡ್ಡದಾಗಿತ್ತು. ಹಿತ್ತಲಿನ ಗೋಡೆ ಆಗಲೇ ಬಿದ್ದಿತ್ತು. ಎಲೆ ಉಜ್ಜಿ ಮೂಸಿದೆ. ಅದೇ ಜೀರಿಗೆ.

ಕಸಿಕಡ್ಡಿಯನ್ನು ನೋಡಿದ ತಕ್ಷಣ ಕತ್ತರಿಸುವಂತಿಲ್ಲ. ಹೂ ಬಿಡದ, ಮೂರು ನಾಲ್ಕು ತಿಂಗಳು ಬಲಿತ ತುದಿಗೊಂಬೆಗಳನ್ನು ಆರಿಸಿ, ಮರದ ಮೇಲಿರುವಾಗಲೇ ತೊಟ್ಟು ಉಳಿಯುವಂತೆ ಎಲೆಗಳನ್ನು ಸವರಿಬಿಡಬೇಕು. ಎಂಟು ಹತ್ತು ದಿನಗಳಲ್ಲಿ ತೊಟ್ಟು ಉದುರಿ ತುದಿಯ ಮೊಗ್ಗು ಉಬ್ಬುತ್ತದೆ. ಆಗ ಕತ್ತರಿಸಿ ಕಟ್ಟಿದರೆ ಬೇಗ ಚಿಗುರುತ್ತದೆ. ಏಣಿ ಹಾಕಿ ಇಪ್ಪತ್ತು ತುದಿಗಳ ಎಲೆ ಸವರಿ ಬಂದೆ. ಆ ಎಂಟು ದಿನ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತದ್ದು ಹೆಂಡತಿಯ ಕಣ್ಣಿಗಾಗಿಯೋ ಮರದ ಮೊಗ್ಗಿಗಾಗಿಯೋ ಎಂದು ಅವಳು ಈಗಲೂ ಕೇಳುತ್ತಾಳೆ. ಎರಡಕ್ಕಾಗಿಯೂ ಎಂದು ಹೇಳಿದರೆ ಅವಳು ನಂಬುವುದಿಲ್ಲ.

ಎಂಟನೆಯ ದಿನ ಹೋದಾಗ ಮನೆಯ ಜಾಗದಲ್ಲಿ ಇಟ್ಟಿಗೆಯ ರಾಶಿಯಿತ್ತು. ಮರವೂ ಇತ್ತು, ಆದರೆ ಏಣಿ ಇರಲಿಲ್ಲ. ಕೆಲಸ ಮಾಡುತ್ತಿದ್ದ ಬಾಗಲಕೋಟೆಯ ಕಡೆಯ ನಡುವಯಸ್ಸಿನವರೊಬ್ಬರು ನನ್ನ ಪರದಾಟ ನೋಡಿ, “ಏನ್ ಬೇಕಾಗಿತ್ರೀ ಯಜಮಾನ್ರ?” ಎಂದು ಕೇಳಿ, ಮರ ಹತ್ತಿ, ನಾನು ತೋರಿಸಿದ ತುದಿಗಳನ್ನು ಒಂದೊಂದಾಗಿ ಕತ್ತರಿಸಿ ಕೊಟ್ಟರು. ಕೆಳಗಿಳಿದು, “ಇವೇನ್ ಮಾಡ್ತೀರಿ?” ಎಂದರು. ಹೇಳಿದೆ. ಮುಳುಗಿದ ಮನೆಯ ಮಾತನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮೂರೂ ನೀರಾಗ ಹೋಗೇತ್ರೀ, ಆಲಮಟ್ಟಿ ನೀರಾಗ. ಹೊಲದಾಗ ಹತ್ತು ನಿಂಬಿಗಿಡ ಇದ್ವು, ನಮ್ಮಜ್ಜ ಹಚ್ಚಿದ್ದು. ಪರಿಹಾರದ ರೊಕ್ಕ ಎಣಿಸಿಕೊಂಡ್ವಿ. ಕಡ್ಡಿ ತಗೋಬೇಕಂತ ಒಬ್ಬರಿಗೂ ಹೊಳೀಲಿಲ್ರೀ” ಎಂದರು.

ಬಾವಿಯ ಮೂಲೆಯಲ್ಲಿ ಒಂದು ದಾಳಿಂಬೆಯ ಗಿಡ ಇಟ್ಟಿಗೆಯ ಕೆಳಗೆ ಅರ್ಧ ಮುರಿದು ಬಿದ್ದಿತ್ತು. ಅದರಿಂದ ನಾಲ್ಕು ಕಡ್ಡಿ ಕೊಯ್ದು, ಬುಡ ತುದಿಗಳ ಗುರುತನ್ನು ತೋರಿಸಿ, ನೆಡುವ ಕ್ರಮ ಹೇಳಿ ಅವರ ಕೈಗೆ ಕೊಟ್ಟೆ. ಒದ್ದೆ ಸಿಮೆಂಟು ಚೀಲದ ತುಂಡಿನಲ್ಲಿ ಸುತ್ತಿ ಇಟ್ಟುಕೊಂಡರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅವು ಹತ್ತಿದವೋ ಇಲ್ಲವೋ ನನಗೆ ತಿಳಿಯದು. ಅವರು ಯಾವ ಕಟ್ಟಡದಿಂದ ಯಾವ ಕಟ್ಟಡಕ್ಕೆ ಹೋದರೆಂಬುದೂ ತಿಳಿಯದು.

ಅಂದು ರಾತ್ರಿಯೇ ತಾಳಗುಪ್ಪದ ರೈಲು ಹತ್ತಿದೆವು. ಒಂದು ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡ ಹೆಂಡತಿ ಆ ಕಟ್ಟನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ಕಟ್ಟಿಗೆಯ ಮಾತನ್ನು ಅಂದು ಆಡಲಿಲ್ಲ. ಮನೆಯಲ್ಲಿ ಹಿಂದಿನ ಮಳೆಗಾಲದ ಗೊರಟುಗಳಿಂದೆದ್ದ ಮಾವಿನ ಸಸಿಗಳು ತಯಾರಿದ್ದವು. ಸಸಿಯ ತಲೆ ಕತ್ತರಿಸಿ, ಸೀಳಿ, ಕಡ್ಡಿಯ ಬುಡವನ್ನು ಬೆಣೆಯಂತೆ ಹೆರೆದು ಸೀಳಿನಲ್ಲಿ ಕೂರಿಸಿ, ತೊಗಟೆಗೆ ತೊಗಟೆ ಸೇರುವಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದೆ. ಇಪ್ಪತ್ತರಲ್ಲಿ ಮೂರು ದಾರಿಯಲ್ಲೇ ಒಣಗಿದ್ದವು. ಹದಿನೇಳು ಕಟ್ಟಿದೆ. ಜೂನ್ ಮಳೆ ಹಿಡಿಯಿತು. ಹನ್ನೊಂದು ಕಪ್ಪಾದವು. ಆರು ಚಿಗುರಿದವು. ತೆಳುಗೆಂಪು ಎಲೆ ಬಿಟ್ಟ ದಿನ ಒಂದನ್ನು ಕಿತ್ತು ಉಜ್ಜಿ ನೋಡಬೇಕೆಂಬ ಆಸೆಯನ್ನು ಬಹಳ ಕಷ್ಟದಿಂದ ತಡೆದುಕೊಂಡೆ.

ಒಂದನ್ನು ದನ ತಿಂದಿತು. ಉಳಿದ ಐದನ್ನು ಒಂದೇ ಕಡೆ ನೆಡಬೇಕೆಂದು ಮೊದಲು ಅನ್ನಿಸಿತ್ತು. ಇಷ್ಟು ಕಷ್ಟಪಟ್ಟು ತಂದದ್ದು ಕಣ್ಣೆದುರಿಗೇ ಇರಲಿ ಎಂಬ ಲೋಭ. ಆಮೇಲೆ ಯೋಚಿಸಿದೆ. ಅಪ್ಪಯ್ಯನ ಮರ ಅಪ್ಪಯ್ಯನಲ್ಲಿ ಉಳಿಯಲಿಲ್ಲ. ಅವರು ಬೇಡವೆನ್ನದೆ ಕೊಟ್ಟ ಕೊಂಬೆಯಲ್ಲಿ ಉಳಿಯಿತು. ಇಟ್ಟುಕೊಂಡದ್ದು ನೀರಿನ ಪಾಲಾಯಿತು, ಕೊಟ್ಟದ್ದು ಮರಳಿ ಬಂತು. ಆದ್ದರಿಂದ ಒಂದನ್ನು ಮಾತ್ರ ನಮ್ಮ ಹಿತ್ತಿಲಿನಲ್ಲಿ ನೆಟ್ಟೆ. ಒಂದು ನಮ್ಮೂರಿನ ಶಾಲೆಯ ಅಂಗಳಕ್ಕೆ ಹೋಯಿತು, ಅದು ಮಾಸ್ತರರ ಪಾಲು. ಎರಡು, ಹಳ್ಳದ ದಂಡೆಯಿರುವ ಇಬ್ಬರು ನೆರೆಯವರಿಗೆ. ಇನ್ನೊಂದನ್ನು ಅದೇ ರೈಲಿನಲ್ಲಿ ಮರಳಿ ಬೆಂಗಳೂರಿಗೆ ಒಯ್ದು ಅತ್ತಿಗೆಗೆ ಕೊಟ್ಟೆ. ಅವರು ಅದನ್ನು ಕನಕಪುರದ ಕಡೆ ತಮ್ಮನ ಜಮೀನಿನಲ್ಲಿ ನೆಡಿಸಿದ್ದಾರೆ.

ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಲೆನಾಡಿನ ಹೊಳೆಸಾಲುಗಳಿಂದ ಅಪ್ಪೆಮಾವಿನ ಅನೇಕ ತಳಿಗಳ ಕಡ್ಡಿ ತಂದು ಕಾಪಿಟ್ಟಿದ್ದಾರೆ. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದು ಕೆಡಹುವ ಈ ಕಾಲದಲ್ಲಿ ಅದು ದೊಡ್ಡ ಉಪಕಾರ. ಆದರೆ ಸಂಸ್ಥೆಯೊಂದು ಎಷ್ಟು ಮರಗಳನ್ನು ಕಾಯಬಲ್ಲದು? ನಿಮ್ಮ ಅಜ್ಜಿ ನೆಟ್ಟ ದಾಳಿಂಬೆ, ನಿಮ್ಮ ಬೀದಿಯ ತುದಿಯ ಮನೆಯ ಅಂಜೂರ, ಇವುಗಳ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಆ ಮನೆ ಬೀಳುವ ಮೊದಲು ಬಾಗಿಲು ತಟ್ಟಿರಿ. ಸಂಕೋಚ ಬೇಡ. ಕಡ್ಡಿ ಕೇಳಿದ್ದಕ್ಕೆ ಬೇಸರಪಟ್ಟವರನ್ನು ನಾನು ಈ ನಲವತ್ತು ವರ್ಷಗಳಲ್ಲಿ ಇಬ್ಬರನ್ನು ಮಾತ್ರ ಕಂಡಿದ್ದೇನೆ. ಅವರಲ್ಲಿ ಒಬ್ಬರು ಮರುದಿನ ತಾವೇ ಕೂಗಿ ಕರೆದು ಕೊಟ್ಟರು.

ನಮ್ಮ ಹಿತ್ತಿಲಿನ ಅಪ್ಪೆ ಈಗ ನನ್ನ ಎದೆಯೆತ್ತರವಾಗಿದೆ. ಇನ್ನೂ ಹೂ ಬಿಟ್ಟಿಲ್ಲ. ಅದರ ಪಕ್ಕದಲ್ಲಿ ಹಳ್ಳವಿಲ್ಲ. ಬಚ್ಚಲಿನ ನೀರು ಹರಿದುಹೋಗುವ ಒಂದು ಕಾಲುವೆಯಿದೆ. ಸದ್ಯಕ್ಕೆ ಅದು ಅದನ್ನೇ ಹಳ್ಳವೆಂದು ಒಪ್ಪಿಕೊಂಡಂತೆ ಕಾಣುತ್ತದೆ.